ಫ್ಲಾಕ್ಸ್ ಕುಡಿ ಚಿವುಟಿದ ಕೈ

ಹೋದ ತಿಂಗಳು ಶ್ರೀರಂಗಪಟ್ಟಣದ ಹೊರಗೆ, ರಸ್ತೆ ಬದಿಯ ನರ್ಸರಿಯೊಂದಕ್ಕೆ ಕರಿಬೇವಿನ ಸಸಿ ಕೇಳಿಕೊಂಡು ಹೋಗಿದ್ದೆ. ಅಲ್ಲಿನ ಮಾಲಿ ಒಂದು ಟ್ರೇ ತುಂಬ ಫ್ಲಾಕ್ಸ್ ಹೂವಿನ ಸಸಿ ಮುಂದಿಟ್ಟುಕೊಂಡು ಒಂದೊಂದರದೇ ತುದಿಯನ್ನು ಉಗುರಿನಿಂದ ಚಿವುಟಿ ಎಸೆಯುತ್ತಿದ್ದ. ನಾನು ನೋಡುತ್ತ ನಿಂತಿದ್ದು ಕಂಡು ಒಂದು ಕುಡಿಯನ್ನು ನನ್ನ ಅಂಗೈಗೆ ಹಾಕಿ, "ಚೂಟ್ದಷ್ಟೂ ಕವಲೊಡೀತವೆ ಮೇಡಂ, ಒಂದತ್ತು ಸಸಿ ತಕೊಂಡೋಗಿ" ಅಂದ. ಕುಡಿ ಬೆರಳಿಗೆ ಸ್ವಲ್ಪ ಅಂಟಿತು. ಮೂಸಿದೆ. ಆ ಎಲೆಗೆ ಹೇಳಿಕೊಳ್ಳುವಂಥ ವಾಸನೆ ಏನೂ ಇಲ್ಲ. ಆದರೂ ನನ್ನ ಮೂಗಿಗೆ ಬಂದದ್ದು ಬೆಳ್ಳುಳ್ಳಿ ಒಗ್ಗರಣೆ, ಬೆಂದ ಹುರುಳಿಕಾಳು, ಸೊಪ್ಪು ಬಸಿದ ಬಿಸಿ ಕಟ್ಟು. ಅಲ್ಲೇ ಇದ್ದ ಸಿಮೆಂಟು ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತುಬಿಟ್ಟೆ. ಆಮೇಲೆ ಹತ್ತು ಸಸಿ ಕೊಂಡೆ. ಕೊಳ್ಳುವ ಮುಂಚೆ ಬೇರು ಕೊಳೆತಿದ್ದನ್ನು ದಾಟಿಸುತ್ತಿದ್ದಾನೋ ಏನೋ ಎಂದು ಒಂದೊಂದನ್ನೂ ಎತ್ತಿ ತಿರುಗಿಸಿ ನೋಡಿದೆ.

ಈ ಬುದ್ಧಿ ನನ್ನದು, ಮುಚ್ಚಿಡುವುದೇನೂ ಇಲ್ಲ. ಅನುಮಾನ ನಮ್ಮ ಮನೆತನದ ಆಸ್ತಿ. ಪಾಂಡವಪುರದಲ್ಲಿ ನಮ್ಮಪ್ಪ ಸಂತೆಯಿಂದ ತಂದ ಬೆಲ್ಲವನ್ನು ಮನೆಯ ತಕ್ಕಡಿಯಲ್ಲಿ ಇನ್ನೊಮ್ಮೆ ತೂಗುತ್ತಿದ್ದರು. ತೂಕ ಸರಿಯಾಗಿದ್ದರೆ ತಕ್ಕಡಿಯ ಮೇಲೆಯೇ ಅವರಿಗೆ ಅನುಮಾನ ಬರುತ್ತಿತ್ತು. ನನ್ನ ಮದುವೆಯ ಮಾತುಕತೆಯಲ್ಲಿ ಹುಡುಗನ ಕಡೆಯವರು ಏನನ್ನೂ ಕೇಳಲಿಲ್ಲ ಎಂದು ಅಪ್ಪ ಎರಡು ವಾರ ನಿದ್ದೆಗೆಟ್ಟಿದ್ದರು. ಅಂಥವರ ಮಗಳು ನಾನು. ತೊಂಬತ್ತೈದರಲ್ಲಿ ನನಗೆ ಕೆ.ಆರ್. ಪೇಟೆ ತಾಲೂಕಿನ ಶೀಳನೆರೆ ಕಡೆಯ ಒಂದು ಹಳ್ಳಿಗೆ ಹೈಸ್ಕೂಲು ಟೀಚರಾಗಿ ವರ್ಗವಾದಾಗ, ನನ್ನನ್ನು ಅಲ್ಲಿಗೆ ತಳ್ಳಿದವರು ಯಾರು ಎಂಬ ಅನುಮಾನವನ್ನು ಟ್ರಂಕಿನ ಜೊತೆಗೇ ಹೊತ್ತುಕೊಂಡು ಬಸ್ಸಿಳಿದೆ.

ಗಂಡನಿಗೆ ಶ್ರೀರಂಗಪಟ್ಟಣದಲ್ಲಿ ಕೆಲಸ. ಶನಿವಾರ ಸಂಜೆ ಬಂದು ಸೋಮವಾರ ಮೊದಲ ಬಸ್ಸಿಗೆ ಹೋಗುತ್ತಿದ್ದರು. ವಾರದ ಉಳಿದ ದಿನ ನಾನೊಬ್ಬಳೇ. ತಮ್ಮೇಗೌಡರ ಮನೆಗೆ ಅಂಟಿಕೊಂಡಂತೆ ಕಟ್ಟಿದ ಎರಡು ಕೋಣೆಯಲ್ಲಿ ನನ್ನ ಬಿಡಾರ. ಅವರ ಮನೆಯಲ್ಲಿ ತಮ್ಮೇಗೌಡ, ಅವನ ಹೆಂಡತಿ ಜಯಮ್ಮ, ನಾಲ್ಕು ವರ್ಷದ ಮಗಳು ಪುಟ್ಟಿ, ಮತ್ತೆ ತಮ್ಮೇಗೌಡನ ತಾಯಿ ಕೆಂಪಜ್ಜಿ. ಹಿತ್ತಲು, ಬಚ್ಚಲು, ಬೇವಿನ ಮರದ ನೆರಳು ಇವು ಎರಡೂ ಮನೆಗೆ ಸೇರಿದ್ದವು.

ಕೆಂಪಜ್ಜಿಯ ಕೈಗುಣ ಇದ್ದದ್ದು ಬೆರಕೆ ಸೊಪ್ಪಿನಲ್ಲಿ. ಬಿತ್ತದೆ, ನೆಡದೆ ಹೊಲದ ಬದುವಿನಲ್ಲೂ ಹಿತ್ತಲಿನಲ್ಲೂ ತಾನಾಗಿ ಹುಟ್ಟುವ ಹತ್ತಾರು ಬಗೆಯ ಸೊಪ್ಪನ್ನು ಕುಡಿ ಕುಡಿಯಾಗಿ ಚಿವುಟಿ, ಯಾವುದು ಎಷ್ಟು ಬೆರೆಯಬೇಕೋ ಅಷ್ಟು ಬೆರೆಸಿ ತರುತ್ತಿದ್ದಳು. ಅಣ್ಣೆಸೊಪ್ಪು ಜಾಸ್ತಿ, ಗಣಿಕೆ ಒಂದು ಹಿಡಿ, ತುಂಬೆಕುಡಿ ಬರೀ ನಾಲ್ಕು. ಬೆಳಕು ಹರಿಯುವ ಮುಂಚೆ ಬೀದಿ ಬಾಗಿಲಿನಿಂದ ಹೊರಟರೆ ಬಿಸಿಲೇರುವ ಹೊತ್ತಿಗೆ ಮಡಿಲು ತುಂಬಿಕೊಂಡು ಬರುತ್ತಿದ್ದಳು. ಸೋಸುವುದು, ಈಳಿಗೆಮಣೆಯ ಮುಂದೆ ಕೂತು ಸಣ್ಣಗೆ ಹೆಚ್ಚುವುದು ಎಲ್ಲ ಅವಳದೇ. ಸೊಸೆಗೆ ಮುಟ್ಟಲು ಬಿಡುತ್ತಿರಲಿಲ್ಲ. ಕಾಳು ಬೇಯಿಸಿ, ಕಟ್ಟು ಬಸಿದು, ಖಾರ ರುಬ್ಬಿ ಹಾಕುವುದಷ್ಟೇ ಜಯಮ್ಮನ ಪಾಲು. ದಿನ ಬಿಟ್ಟು ದಿನ ನಮ್ಮ ಜಗಲಿಯ ಕಟ್ಟೆಯ ಮೇಲೆ ಒಂದು ಬಟ್ಟಲು ಬಸ್ಸಾರು ಬಂದು ಕೂರುತ್ತಿತ್ತು. ಮೊದಲ ವಾರ ಇದಕ್ಕೆ ಬದಲಾಗಿ ಇವರು ನನ್ನಿಂದ ಏನು ನಿರೀಕ್ಷಿಸುತ್ತಾರೋ ಎಂದು ಅನುಮಾನಿಸಿದೆ. ಎರಡನೇ ವಾರದಿಂದ ಬಟ್ಟಲಿನ ದಾರಿ ಕಾಯತೊಡಗಿದೆ.

ಆ ವರ್ಷ ದಸರೆಗೆ ಮೈಸೂರಿಗೆ ಹೋದಾಗ ಹೂವಿನ ಪ್ರದರ್ಶನದಲ್ಲಿ ಮೊದಲ ಬಾರಿ ಫ್ಲಾಕ್ಸ್ ನೋಡಿದೆ. ಕೆಂಪು, ಗುಲಾಬಿ, ನೇರಳೆ, ಬಿಳಿ. ಒಂದೇ ಗೊಂಚಲಿನಲ್ಲಿ ಇಪ್ಪತ್ತು ಸಣ್ಣ ಹೂ, ಕೆಲವಕ್ಕೆ ನಡುವೆ ಬೇರೆ ಬಣ್ಣದ ಕಣ್ಣು. ಬಾಡಿಗೆ ಮನೆಯ ಆ ಬೋಳು ಹಿತ್ತಲಿನಲ್ಲಿ ಇದು ಅರಳಿದರೆ ಹೇಗಿರುತ್ತದೆ ಎಂದು ಆಸೆಯಾಗಿ ಒಂದು ಪೊಟ್ಟಣ ಬೀಜ ತಂದೆ. ಮನೆಗೆ ಬಂದು ಬಿಡಿಸಿದರೆ ಒಳಗೆ ಚಿಟಿಕೆಯಷ್ಟು ಕಂದು ಬೀಜ. ಏನನ್ನೋ ಕೊಟ್ಟು ಯಾಮಾರಿಸಿದ್ದಾರೆ ಎಂದುಕೊಂಡೇ ಒಡೆದ ಮಡಕೆಯ ತಳದಲ್ಲಿ ಜರಡಿ ಹಿಡಿದ ಮಣ್ಣು ಹಾಕಿ ಬಿತ್ತಿದೆ.

ನೆಡಲು ಜಾಗ ಕೇಳಿದಾಗ ಜಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ದ್ಯಾವ್ರಿಗೆ ಆಗ್ತದಾ?"

"ಇಲ್ಲ, ಏರಿಸ್ತಾರೆ ಅಂತ ನಾನು ಕೇಳಿಲ್ಲ."

"ಮುಡಿಯಾಕೆ?"

"ಬೇಗ ಬಾಡುತ್ತೆ ಅನ್ಸುತ್ತೆ."

"ದನ ತಿಂತವಾ? ಅದೂ ಇಲ್ಲ. ಮತ್ಯಾತುಕ್ ಮೇಡಮ್ಮೋರೆ ಇದು?"

"ನೋಡೋಕೆ" ಅಂದೆ.

"ನೋಡಾಕೆ!" ಅಂದು ಅವಳು ನನ್ನನ್ನೇ ನೋಡಿದಳು. ಅಂದು ಸಂಜೆ ತಮ್ಮೇಗೌಡ ಕೊಟ್ಟಿಗೆಯ ಕಡೆಯಿಂದ ಬಂದು, ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದ: "ಬ್ಯಾರೆ ಏನೂ ಅಲ್ಲ ತಾನೆ ಮೇಡಮ್ಮೋರೆ? ನಾಳೀಕೆ ಪೋಲೀಸ್ನೋರು ಗೀಲೀಸ್ನೋರು ಇತ್ಲಿಗೆ ಬರಂಗಾದ್ರೆ ನಮ್ ಮಾನ ವೋಯ್ತದೆ." ಅನುಮಾನ ಪಡುವುದು ನನ್ನ ಹಕ್ಕು ಎಂದುಕೊಂಡಿದ್ದ ನನಗೆ, ನನ್ನ ಮೇಲೂ ಒಬ್ಬರು ಪಡಬಹುದು ಎಂದು ಗೊತ್ತಾಗಿ ಸಿಟ್ಟು ಬಂತು. ಪೊಟ್ಟಣದ ಮೇಲಿನ ಚಿತ್ರ ತೋರಿಸಿ ಅವನನ್ನು ಸಾಗಹಾಕಿದೆ.

ಕೊನೆಗೆ ಜಾಗ ಕೊಟ್ಟವಳು ಕೆಂಪಜ್ಜಿ. ಬಚ್ಚಲಿನ ನೀರು ಹರಿದು ಸದಾ ತೇವವಾಗಿರುವ ಆ ಪಟ್ಟಿ ಅವಳ ಸೊಪ್ಪಿನ ಜಾಗ. ಬಚ್ಚಲ ಕಲ್ಲಿಗೆ ಹಿಮ್ಮಡಿ ತಾಗಿಸಿ ನಿಂತು, ಪುಟ್ಟ ಪುಟ್ಟ ಹೆಜ್ಜೆ ಹಾಕಿ ಐದು ಎಣಿಸಿ, ಅಲ್ಲೊಂದು ಹತ್ತಿಕಡ್ಡಿ ನೆಟ್ಟಳು. "ಈ ಕಡೆ ನಿಂದು, ಆ ಕಡೆ ನಂದು. ಆಯ್ತಾ ಕಣವ್ವ?" ಅಂದಳು. ಆಯ್ತು ಅಂದೆ.

ಬೀಜ ಮೋಸದ್ದಾಗಿರಲಿಲ್ಲ. ಒಂದೂ ಬಿಡದಂತೆ ಹುಟ್ಟಿ, ನವೆಂಬರ್ ಕೊನೆಗೆ ಕಿತ್ತು ನೆಡುವ ಹೊತ್ತಿಗೆ ಸಸಿ ಹೆಚ್ಚಾದವು. ಎಸೆಯಲು ಮನಸ್ಸು ಬರಲಿಲ್ಲ. ಮನೆಯವರೆಲ್ಲ ರಾಗಿ ಕೊಯ್ಲಿಗೆ ಹೋಗಿದ್ದ ದಿನ ಹತ್ತಿಕಡ್ಡಿಯನ್ನು ಕಿತ್ತು ಎರಡು ಮೊಳ ಆಚೆಗೆ ನೆಟ್ಟೆ. ಅಲ್ಲಿ ಹುಟ್ಟಿದ್ದ ಎಳೆ ಅಣ್ಣೆಸೊಪ್ಪನ್ನು ಕಿತ್ತು ಹಾಕಿ ಇನ್ನೆರಡು ಸಾಲು ಫ್ಲಾಕ್ಸ್ ಕೂರಿಸಿದೆ. ಇಷ್ಟು ಜಾಗಕ್ಕೆ ಯಾರೂ ಏನೂ ಅನ್ನುವುದಿಲ್ಲ, ಗೊತ್ತೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ನೀರು ಹಾಕಿದೆ.

ಧನುರ್ಮಾಸ ಶುರುವಾಯಿತು. ಬೆಳಗ್ಗೆ ಎದ್ದರೆ ಬೇವಿನ ಮರವೇ ಕಾಣದಂಥ ಮಂಜು, ಎಲ್ಲೋ ಆಲೆಮನೆಯಲ್ಲಿ ಪಾಕ ಕುದಿಯುವ ವಾಸನೆ. ಸಸಿಗಳು ನಾಲ್ಕು ಬೆರಳು ಎತ್ತರವಾಗಿದ್ದವು. ಒಂದು ಬೆಳಗ್ಗೆ ಹೋಗಿ ನೋಡಿದರೆ ಆಚೆ ಸಾಲಿನ ಏಳೆಂಟು ಸಸಿಗೆ ತಲೆಯೇ ಇಲ್ಲ. ಮೇಕೆ ಎಂದುಕೊಂಡೆ. ಎರಡು ದಿನ ಬಿಟ್ಟು ಇನ್ನೂ ಹತ್ತಕ್ಕೆ ತಲೆ ಇಲ್ಲ. ಈ ಸಲ ಕೂತು, ಕನ್ನಡಕ ಹಾಕಿಕೊಂಡು ನೋಡಿದೆ. ಮೇಕೆ ತಿಂದರೆ ಜಗ್ಗಿ ಹರಿಯುತ್ತದೆ, ಕೋಳಿ ಕುಕ್ಕಿದರೆ ಎಲೆ ಚಿಂದಿಯಾಗುತ್ತದೆ. ಇಲ್ಲಿ ಕಾಂಡದ ಮೇಲೆ ಓರೆಯಾಗಿ ಒಂದೇ ಗೀರು. ಅದು ಮನುಷ್ಯರ ಉಗುರು.

ಅಲ್ಲಿಂದ ಮುಂದೆ ನನಗೆ ಪಾಠದಲ್ಲಿ ಮನಸ್ಸಿಲ್ಲ. ಮೊದಲ ಅನುಮಾನ ನಮ್ಮ ಡ್ರಾಯಿಂಗ್ ಮೇಷ್ಟರ ಮೇಲೆ. ಒಮ್ಮೆ ಬಂದು ಸಸಿ ನೋಡಿ "ನಮಗೂ ನಾಲ್ಕು ಕೊಡಿ" ಅಂದಿದ್ದರು, ನಾನು ಕೊಟ್ಟಿರಲಿಲ್ಲ. ಆದರೆ ಅವರ ಬಲಗೈ ಉಗುರು ನೋಡಿದೆ, ಚರ್ಮದವರೆಗೂ ಕಚ್ಚಿಕೊಂಡಿದ್ದರು. ಅವರನ್ನು ಬಿಟ್ಟೆ. ಉಳಿದವಳು ಜಯಮ್ಮ. ದನ ತಿನ್ನದ ಗಿಡ, ದೇವರಿಗಾಗದ ಗಿಡ, ಅವಳ ಹಿತ್ತಲಿನಲ್ಲಿ ಬೆಳೆಯುವುದು ಅವಳಿಗೆ ಸಹಿಸಲಾಗುತ್ತಿಲ್ಲ ಎಂದು ತೀರ್ಮಾನಿಸಿದೆ. ಬೇರುಸಹಿತ ಕಿತ್ತರೆ ಗೊತ್ತಾಗುತ್ತದೆಂದು ತಲೆ ಮಾತ್ರ ಚಿವುಟಿ ನನ್ನನ್ನು ಹೆದರಿಸುತ್ತಿದ್ದಾಳೆ! ಬಸ್ಸಾರೂ ಆಗೀಗ ಸಪ್ಪೆ ಅನ್ನಿಸತೊಡಗಿತ್ತು. ನನಗೆಂದೇ ನೀರು ಬೆರೆಸಿ ಕೊಡುತ್ತಿದ್ದಾಳೆ ಎಂದು ಅದನ್ನೂ ಅವಳ ತಪ್ಪಿನ ಪಟ್ಟಿಗೆ ಸೇರಿಸಿದೆ.

ಬಚ್ಚಲ ಹತ್ತಿರದ ಸಾಲುಗಳನ್ನು ಯಾರೂ ಮುಟ್ಟಿರಲಿಲ್ಲ. ನಾನು ಕದ್ದು ನೆಟ್ಟ ಎರಡು ಸಾಲಿಗೆ ಮಾತ್ರ ಈ ಗತಿ. ಇಷ್ಟೆಲ್ಲ ಪತ್ತೇದಾರಿಕೆ ಮಾಡಿದವಳಿಗೆ ಅದೊಂದು ಹೊಳೆಯಲಿಲ್ಲ. ಮನೆಯ ಹತ್ತಿರ ಬರಲು ಕಳ್ಳರಿಗೆ ಭಯ ಎಂದುಕೊಂಡಿದ್ದೆ.

ಒಂದು ದಿನ ಜಯಮ್ಮ ಬಟ್ಟೆ ಒಗೆಯುತ್ತಿದ್ದಾಗ ಬೇಕೆಂದೇ ಗಟ್ಟಿಯಾಗಿ, "ಕೈ ಸುಮ್ಮನಿರಲಾರದವರಿಗೆ ದೇವರೇ ಬುದ್ಧಿ ಕೊಡಲಿ" ಅಂದೆ.

ಒಗೆಯುವ ಕಲ್ಲಿನ ಸದ್ದು ನಿಂತಿತು. "ಯಾರ್ಗಂದ್ರಿ ಅದ್ನ?"

"ಯಾರಿಗೆ ತಾಗುತ್ತೋ ಅವರಿಗೆ."

"ನಿಮ್ ಊವಿನ್ ಗಿಡುಕ್ ನನ್ ಕೈ ಸೋಕ್ಲಿ, ನನ್ ಕೈ ಸೇದೋಗ್ಲಿ" ಅಂದು ಬಟ್ಟೆಯನ್ನು ಅರ್ಧಕ್ಕೇ ಹಿಂಡಿ ಎದ್ದುಹೋದಳು. ಅಂದಿನಿಂದ ನನ್ನ ಜೊತೆ ಮಾತಿಲ್ಲ. ಬಸ್ಸಾರಿನ ಬಟ್ಟಲು ಮಾತ್ರ ತಪ್ಪಲಿಲ್ಲ. ಕೆಂಪಜ್ಜಿಯೇ ಗೋಡೆ ಹಿಡಿದುಕೊಂಡು ಬಂದು ಇಟ್ಟುಹೋಗುತ್ತಿದ್ದಳು.

ಆ ಶನಿವಾರ ಬಂದ ನನ್ನ ಗಂಡ ಎಲ್ಲ ಕೇಳಿ, "ನೀನು ಟೀಚರಾಗಿದ್ದು ನಷ್ಟ, ಸ್ಟೇಷನ್ನಿನಲ್ಲಿರಬೇಕಿತ್ತು" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಸೋಮವಾರ ಅವರು ಬಸ್ಸು ಹತ್ತಿದ ಮೇಲೆ ಓಣಿಯ ಬೇಲಿಯಿಂದ ಜಾಲಿಮುಳ್ಳಿನ ನಾಲ್ಕು ಕೊಂಬೆ ಕಡಿದು ತಂದು ಆಚೆ ಸಾಲಿನ ಉದ್ದಕ್ಕೂ ಇಟ್ಟೆ. ಇಟ್ಟು ಸುಮ್ಮನಾಗಲಿಲ್ಲ, ಮೇಲೆ ರಾಗಿಹುಲ್ಲು ಉದುರಿಸಿ ಮುಚ್ಚಿದೆ. ಕಾವಲಿಗೆ ಇಟ್ಟ ಮುಳ್ಳಾದರೆ ಕಾಣುವಂತಿರಬೇಕಿತ್ತು. ನಾನು ಇಟ್ಟದ್ದು ಚುಚ್ಚಲಿ ಎಂದೇ. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಮಾರನೇ ದಿನ ಬಟ್ಟಲು ಇಡಲು ಬಂದ ಕೆಂಪಜ್ಜಿಯ ಬೆರಳಿಗೆ ಅರಿಸಿನ ಸುಣ್ಣ ಹಚ್ಚಿತ್ತು.

"ಏನಾಯ್ತು ಅಜ್ಜಿ?"

"ಎಲ್ಲೋ ವಲದ್ ಬೇಲೀಲಿ ಕಾರೆಮುಳ್ಳು ಚುಚ್ಬುಡ್ತು ಕಣವ್ವ."

ನನಗೆ ಕನಿಕರ ಹುಟ್ಟಲಿಲ್ಲ. ಸಿಕ್ಕಳು ಎಂದು ಖುಷಿಯಾಯಿತು. ಅತ್ತೆಯನ್ನು ಮುಂದೆ ಬಿಟ್ಟು ಸೊಸೆ ಆಟ ಆಡುತ್ತಿದ್ದಾಳೆ ಎಂದುಕೊಂಡೆ. ಕೈಯಲ್ಲೇ ಹಿಡಿಯಬೇಕೆಂದು ಮರುದಿನ ಕೋಳಿ ಕೂಗುವಾಗಲೇ ಎದ್ದು ಬಚ್ಚಲ ಬಾಗಿಲಿನ ಹಿಂದೆ ನಿಂತೆ.

ಮಂಜು ತೆಳುವಾಗಿ ಬೆಳಕು ಬರುತ್ತಿತ್ತು. ಗಾಳಿಗೆ ರಾಗಿಹುಲ್ಲು ಹಾರಿಹೋಗಿ ಮುಳ್ಳಿನ ಕೊಂಬೆಗಳು ಬಯಲಿಗೇ ಬಿದ್ದಿದ್ದವು; ಬಚ್ಚಲ ಬಾಗಿಲಿನ ಹಿಂದಿನಿಂದಲೇ ನನಗೆ ಕಾಣುತ್ತಿತ್ತು. ಕೆಂಪಜ್ಜಿ ಬೀದಿ ಕಡೆಯಿಂದ ಮನೆಯನ್ನು ಸುತ್ತು ಹಾಕಿಕೊಂಡು, ಬೇಲಿಯ ಹತ್ತಿರ ಒಮ್ಮೆ ಬಾಗಿ ಎದ್ದು, ಹಿತ್ತಲಿಗೆ ಬಂದಳು. ಕಾಲಿನಿಂದ ಬಚ್ಚಲ ಕಲ್ಲನ್ನು ತಡವಿ, ಹಿಮ್ಮಡಿ ತಾಗಿಸಿ, ಪಿಸುದನಿಯಲ್ಲಿ ಎಣಿಸುತ್ತ ನಡೆದಳು. ಏಳಕ್ಕೆ ನಿಂತು ಕುಕ್ಕರಗಾಲಲ್ಲಿ ಕೂತಳು. ಕೈ ಮುಂದೆ ಚಾಚಿದಳು. ಆ ಕೈ ನೇರವಾಗಿ ಮುಳ್ಳಿನ ಮೇಲೇ ಹೋಯಿತು. ಕಣ್ಣಿದ್ದವರು ಅಲ್ಲಿ ಕೈ ಇಡುವುದಿಲ್ಲ. ಅಜ್ಜಿ ಕೂಗಲಿಲ್ಲ. ಬೆರಳನ್ನು ಬಾಯಿಗಿಟ್ಟು ಚೀಪಿದಳು, ಕೊಂಬೆಯನ್ನು ತಡವಿ ಪಕ್ಕಕ್ಕೆ ಸರಿಸಿದಳು, ಫ್ಲಾಕ್ಸ್ ಸಸಿಯ ಬುಡದಿಂದ ತುದಿಯವರೆಗೆ ಬೆರಳಾಡಿಸಿ ಕುಡಿ ಚಿವುಟಿ ಮಡಿಲಿಗೆ ಹಾಕಿದಳು.

ಹತ್ತಿರ ಹೋದೆ.

"ಅಜ್ಜಿ."

"ಯಾರು, ಮೇಡಮ್ಮೋರಾ? ಎದ್ಬುಟ್ರಾ ಇಷ್ಟೊತ್ಗೇ?" ಮುಖ ಎತ್ತಿ ಮಾತಾಡಿದ್ದು ನಾನಿದ್ದ ಕಡೆಗಲ್ಲ, ಬೇವಿನ ಮರದ ಕಡೆಗೆ.

"ನನ್ನ ಸೀರೆ ಯಾವ ಬಣ್ಣ ಅಜ್ಜಿ?"

"ಬೆಳ್ಕರೀಲಿ, ಬಣ್ಣ ಏಳ್ತೀನಿ" ಅಂದಳು.

ಬೆಳಕು ಹರಿದೇ ಇತ್ತು. ನಾನು ಅವಳ ಪಕ್ಕ ಮಣ್ಣಿನಲ್ಲೇ ಕೂತೆ. ಯಾವಾಗಿನಿಂದ ಎಂದು ಕೇಳಿದೆ.

"ಎರಡೊರ್ಸಾಯ್ತು. ಮೊದ್ಲು ವಗೆ ಕಟ್ದಂಗಿತ್ತು. ಈಗ ಆಳು ನಿಂತಿರದು ಗೊತ್ತಾಯ್ತದೆ, ಮಕ ಗೊತ್ತಾಗಾಕಿಲ್ಲ."

"ಮತ್ತೆ ಹೊಲಕ್ಕೆ ಹೋಗಿ ಸೊಪ್ಪು ತರ್ತೀರಲ್ಲ?"

"ಯಾವ್ ವಲ? ವಲುಕ್ ವೋಗಿ ವರ್ಸಾಯ್ತು. ಬೀದಿ ಬಾಗ್ಲಲ್ಲಿ ವೋಯ್ತೀನಿ, ಸುತ್ತಾಕ್ಕಂಡು ಇತ್ಲಿಗ್ ಬತ್ತೀನಿ, ಇಲ್ಲೇ ಚೂಟ್ಕತೀನಿ. ಏಳ್ಬ್ಯಾಡ ಕಣವ್ವ ಮನೇಲಿ. ಗೊತ್ತಾದ್ರೆ ಮೂಲೇಲಿ ಕುಂಡ್ರುಸ್ತಾರೆ. ಸೊಪ್ಪು ಬುಟ್ರೆ ನಂಗಿನ್ಯಾವ್ ಗೇಮೆ ಅದೆ ಆ ಮನೇಲಿ?"

"ಇದು ಸೊಪ್ಪಲ್ಲ ಅಜ್ಜಿ. ನನ್ನ ಹೂವಿನ ಗಿಡ."

ಮಡಿಲಿನಿಂದ ಒಂದು ಕುಡಿ ತೆಗೆದು ಬೆರಳಿನ ನಡುವೆ ಹೊಸಕಿದಳು. "ಅಣ್ಣೆಸೊಪ್ಪಲ್ವಾ? ಅಂಟಂಟಾಗಿ ಸಿಕ್ತಿತ್ತು. ಇಬ್ನಿ ಅಂದ್ಕಂಡೆ." ಆಮೇಲೆ ಹುಬ್ಬು ಗಂಟಿಕ್ಕಿ, "ಇದು ನನ್ ಜಾಗ ಅಲ್ವಾ ಕಣವ್ವ? ನಿಂದು ಐದೆಜ್ಜೆಗೆ ಮುಗೀತು. ನಾನು ಏಳ್ ಎಣ್ಸಿ ಕುಂತಿವ್ನಿ" ಅಂದಳು.

ನಿಜ ಹೇಳಲು ಒಂದು ಕ್ಷಣ ಸಾಕಿತ್ತು. ಹತ್ತಿಕಡ್ಡಿ ನನ್ನ ಕಾಲ ಬುಡದಲ್ಲೇ ಇತ್ತು. ನಾನು ಹೇಳಿದ್ದು, "ಎಣಿಕೆ ತಪ್ಪಿರಬೇಕು ಅಜ್ಜಿ. ಐದಕ್ಕೇ ಕೂತಿದ್ದೀರಿ."

ಅವಳ ಕೈ ಮಡಿಲಿನಲ್ಲಿ ಹಾಗೇ ಬಿತ್ತು. "ಅಂಗಾರೆ ಎಣ್ಕೇನೂ ವೋಯ್ತು ಅನ್ನು" ಅಂದಳು. ಕಣ್ಣು ಹೋಗಿದ್ದನ್ನು ಹೇಳುವಾಗ ಇಲ್ಲದ ಅಳುಕು ಆ ಮಾತಿನಲ್ಲಿತ್ತು.

ಅವಳನ್ನು ಎಬ್ಬಿಸುವಾಗ ಮಡಿಲಿನಲ್ಲಿದ್ದದ್ದು ನೆಲಕ್ಕೆ ಬಿತ್ತು. ಫ್ಲಾಕ್ಸ್ ಕುಡಿಗಳ ನಡುವೆ ಬೇಲಿ ಬುಡದಲ್ಲಿ ಚಿವುಟಿದ ಎರಡು ಎಳೆ ಉಮ್ಮತ್ತಿ ಕುಡಿಯೂ ಇದ್ದವು. ಅದನ್ನು ತಿಂದರೆ ದೊಡ್ಡವರಿಗೇ ಹುಚ್ಚು ಹಿಡಿದಂತಾಗುತ್ತದೆ. ಮಕ್ಕಳು ಉಳಿಯುವುದೂ ಕಷ್ಟ. ಅವಳ ಜಾಗದ ಅಣ್ಣೆಸೊಪ್ಪನ್ನು ನಾನು ಕಿತ್ತುಹಾಕಿದ್ದರಿಂದಲೇ ಮಡಿಲು ತುಂಬಲು ಅಜ್ಜಿ ಬೇಲಿಯವರೆಗೆ ಹೋಗಿದ್ದಳು. "ಉಮ್ಮತ್ತಿ ನಾತ ಬಡೀಬೇಕಿತ್ತಲ್ಲ" ಅಂದಳು. ನೆಗಡಿಯಿಂದ ಅವಳ ಮೂಗು ಕಟ್ಟಿತ್ತು. ಆ ಎಲೆಗಳನ್ನು ತುಳಿದು ಮಣ್ಣು ಮುಚ್ಚಿದೆ. "ಮನೇಲಿ ಏಳಾಕಿಲ್ಲ ಅಲ್ವಾ?" ಎಂದು ಮತ್ತೆ ಕೇಳಿದಳು. ನಾನು ತಲೆಯಾಡಿಸಿದೆ. ಅದು ಅವಳಿಗೆ ಕಾಣುವುದಿಲ್ಲ ಎಂದು ಒಳಗೆ ಬಂದ ಮೇಲೆ ನೆನಪಾಯಿತು.

ಮುಂದಿನ ಎರಡು ದಿನ ಕೆಂಪಜ್ಜಿ ಹಿತ್ತಲಿಗೆ ಬರಲಿಲ್ಲ. ಜಗಲಿಯ ಕಂಬಕ್ಕೆ ಒರಗಿ ಕೂತಿರುತ್ತಿದ್ದಳು. ಬಾಯಿ ಸಣ್ಣಗೆ ಆಡುತ್ತಿತ್ತು. ಹತ್ತಿರ ಹೋದಾಗ ಕೇಳಿಸಿತು, ಒಂದರಿಂದ ಏಳರವರೆಗೆ ಎಣಿಸುತ್ತಿದ್ದಳು, ಮತ್ತೆ ಮೊದಲಿನಿಂದ. ಮೂರನೇ ದಿನ ಜಗಲಿಯ ಮೇಲೆ ಮತ್ತೆ ಬಸ್ಸಾರಿನ ಬಟ್ಟಲು! ಎಲ್ಲಿ ಚಿವುಟಿದಳೋ, ಏನು ಚಿವುಟಿದಳೋ. ಚಮಚದಲ್ಲಿ ಕೆದಕಿ ಕೆದಕಿ ನೋಡಿದೆ; ಸಣ್ಣಗೆ ಹೆಚ್ಚಿ ಬೇಯಿಸಿದ ಸೊಪ್ಪು ಎಲ್ಲ ಒಂದೇ. ಅಷ್ಟರಲ್ಲಿ ಗೋಡೆಯ ಆಚೆಯಿಂದ ಪುಟ್ಟಿ, "ನಂಗಿನ್ನೊಂಚೂರ್ ಸೊಪ್ಪು" ಎಂದಿದ್ದು ಕೇಳಿಸಿತು. ಬಟ್ಟಲು ಬಿಟ್ಟು ಓಡಿದೆ.

ಮಗುವಿನ ತಟ್ಟೆಯನ್ನು ಎಳೆದುಕೊಂಡು ನಿಂತ ನನ್ನನ್ನು ತಮ್ಮೇಗೌಡ, ಜಯಮ್ಮ, ಪುಟ್ಟಿ ಮೂವರೂ ಬಾಯಿ ಬಿಟ್ಟು ನೋಡಿದರು; ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು. ಒಂದೇ ಉಸಿರಿಗೆ ಹೇಳಿದೆ: ಅಜ್ಜಿಗೆ ಕಣ್ಣು ಕಾಣುವುದಿಲ್ಲ, ಕುಡಿ ಚಿವುಟಿದ್ದು ಅವಳೇ, ಮೊನ್ನೆ ಮಡಿಲಲ್ಲಿ ಉಮ್ಮತ್ತಿ ಇತ್ತು.

ಜಯಮ್ಮ ಎದ್ದು ನಿಂತಳು. "ಮೊದ್ಲು ನನ್ ಮ್ಯಾಲಾಯ್ತು, ಈಗ ನಮ್ಮತ್ತೆ ಮ್ಯಾಲಾ? ನಾಕ್ ಗಿಡುಕ್ಕೆ ಒಂದ್ ಮುದ್ಕಿ ಮ್ಯಾಲೆ ಕಳ್ತನ ವೊರುಸ್ತೀರಾ? ಕಣ್ ಕಾಣ್ದೋರು ಈಳ್ಗೆಮಣೆ ಮುಂದೆ ಎಂಗ್ ಕುಂತ್ಕತಾರೆ?"

ತಮ್ಮೇಗೌಡ ಕೈ ತೊಳೆದ. ಕೂಗಾಡುವ ಮನುಷ್ಯನಲ್ಲ. "ಮೇಡಮ್ಮೋರೆ, ನಿಮ್ ಅನ್ಮಾನ ಸಾಕಾಗದೆ ನಮ್ಗೆ. ಸಂಕ್ರಾಂತಿ ಕಳೀಲಿ, ಬ್ಯಾರೆ ಮನೆ ನೋಡ್ಕಬುಡಿ" ಅಂದ.

ನಿಜ ಹೇಳುತ್ತಿದ್ದೇನೆ ಎಂದು ನಾನು ಹೇಗೆ ನಂಬಿಸಲಿ? ಮೂರು ತಿಂಗಳಿಂದ ಕಂಡಕಂಡವರ ಮೇಲೆ ಅನುಮಾನ ಪಟ್ಟವಳ ಮಾತನ್ನು ಯಾರು ನಂಬುತ್ತಾರೆ? ಅಜ್ಜಿ ಬಾಯಿ ಮುಚ್ಚಿಕೊಂಡಿದ್ದರೆ ಅವಳ ಗುಟ್ಟು ಉಳಿಯುತ್ತಿತ್ತು, ನಾನು ಗಂಟುಮೂಟೆ ಕಟ್ಟುತ್ತಿದ್ದೆ. ಅದು ಅವಳಿಗೂ ಗೊತ್ತಿತ್ತು.

"ತಮ್ಮಯ್ಯ, ಆಯಮ್ಮ ದಿಟ ಏಳ್ತಾವ್ಳೆ ಕಣ್ಲಾ" ಅಂದಳು ಕೆಂಪಜ್ಜಿ. "ನಿನ್ ಮಕ ಕಂಡು ಎರಡೊರ್ಸ ಆಯ್ತು ನಂಗೆ. ಇನ್ನೊಬ್ರು ಮನೆ ಬುಡಾದು ಬ್ಯಾಡ. ಎಣ್ಸ್ಕಂಡು ಓಡಾಡ್ತಿದ್ದೆ, ಈಗ ಎಣ್ಕೇನೂ ತಪ್ತಾ ಅದಂತೆ. ಎಲ್ಲಾರ ಡಾಕ್ಟ್ರಿಗೆ ತೋರ್ಸು."

ತಮ್ಮೇಗೌಡ ತಾಯಿಯ ಮುಂದೆ ಹೋಗಿ ಕೂತು, ಅವಳ ಮುಖದ ಹತ್ತಿರ ಮುಖ ತಂದು ಹಾಗೇ ನೋಡಿದ. ಅವಳು ಅವನ ಭುಜದ ಆಚೆ ಎಲ್ಲಿಗೋ ನೋಡುತ್ತಿದ್ದಳು. ಆಗ ಅವನು ಅತ್ತ. ಎಣಿಕೆ ತಪ್ಪಿಲ್ಲ ಎಂದು ನಾನು ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಬೇರೆ ಮನೆ ನೋಡಿಕೊಳ್ಳಿ ಎಂಬ ಮಾತು ಇನ್ನೂ ಕಿವಿಯಲ್ಲಿತ್ತು.

ಸಂಕ್ರಾಂತಿ ಕಳೆದ ವಾರವೇ ನಾಗಮಂಗಲದ ಆಚೆಯ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಪೊರೆ, ಒಂದು ಕಣ್ಣಿಗೆ ಆಪರೇಷನ್ ಆಗಬೇಕು ಅಂದರಂತೆ. ಜಯಮ್ಮ ಜೊತೆಗೆ ನಿಂತಳು. ಅಷ್ಟು ದಿನ ಪುಟ್ಟಿಯ ಊಟ ನನ್ನ ಕೋಣೆಯಲ್ಲಿ. ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಬಂದ ಅಜ್ಜಿಯನ್ನು ಬಿಸಿಲಿಗೆ ಬಿಡದೆ ಒಳಗೇ ಇರಿಸಿದರು. ಕನ್ನಡಕ ಕೊಡುವುದು ಇನ್ನೂ ಆರು ವಾರಕ್ಕೆ. ಮೂಲೆಯಲ್ಲಿ ಕೂರಿಸುತ್ತಾರೆ ಎಂದು ಹೆದರಿದ್ದಳಲ್ಲ, ಅಷ್ಟು ದಿನವೂ ಮೂಲೆಯಲ್ಲೇ ಕೂತಿದ್ದಳು. ನಾನು ಸಂಜೆ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಕಣ್ಣು ಬರದೇ ಹೋದರೆ ಎಂಬ ಭಯ ನನಗೂ ಇತ್ತು.

ಅಷ್ಟರಲ್ಲಿ ಫ್ಲಾಕ್ಸ್ ಹೂ ಬಿಟ್ಟಿತ್ತು. ಬಚ್ಚಲ ಹತ್ತಿರದ, ಯಾರೂ ಮುಟ್ಟದ ಸಾಲುಗಳು ಸಣಕಲಾಗಿ ಉದ್ದಕ್ಕೆ ಬೆಳೆದು ತುದಿಗೊಂದು ಗೊಂಚಲು ಹೊತ್ತು ಬಾಗಿದ್ದವು. ಆಚೆಯ ಎರಡು ಸಾಲು, ಮೂರು ಮೂರು ಸಲ ತಲೆ ಕಳೆದುಕೊಂಡ ಸಸಿಗಳು, ಬುಡದಿಂದಲೇ ಏಳೆಂಟು ಕವಲೊಡೆದು ನೆಲ ಕಾಣದಂತೆ ಅರಳಿದ್ದವು. ಹಳೇ ಪೊಟ್ಟಣ ಹುಡುಕಿ ಅದರ ಹಿಂದಿನ ಇಂಗ್ಲಿಷಿನ ಸಣ್ಣಕ್ಷರ ಓದಿದೆ. ಸಸಿ ನಾಲ್ಕು ಬೆರಳುದ್ದ ಆದಾಗ ತುದಿ ಚಿವುಟಬೇಕೆಂದು ಅದರಲ್ಲೇ ಬರೆದಿತ್ತು. ಜಯಮ್ಮ ನೀರು ಸೇದಲು ಹೋಗುವಾಗೆಲ್ಲ ಒಂದು ಗಳಿಗೆ ನಿಂತು ನೋಡುತ್ತಿದ್ದಳು. ನಾನು ನೋಡಿದರೆ ಕೊಡ ಎತ್ತಿಕೊಂಡು ಹೊರಟುಬಿಡುತ್ತಿದ್ದಳು.

ಮಾರ್ಚಿನ ಒಂದು ಭಾನುವಾರ ಕನ್ನಡಕ ಬಂತು. ಸೋಡಾಬುಡ್ಡಿಯಂಥ ದಪ್ಪ ಗಾಜು. ಅಜ್ಜಿ ಮೊದಲು ಮಗನ ಮುಖ ನೋಡಿ "ಎಷ್ಟ್ ಸೊರ್ಗೋಗಿದೀಯ್ಲಾ" ಅಂದಳಂತೆ. ಆಮೇಲೆ ಪುಟ್ಟಿಯನ್ನು ನೋಡಿ ಅವಳ ಮೂಗು ತಡವಿದಳಂತೆ. ಸಂಜೆ ಒಬ್ಬಳೇ ಹಿತ್ತಲಿಗೆ ಬಂದಳು. ನಾನು ನೀರು ಹಾಕುತ್ತಿದ್ದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಸ್ರು ಸೀರೆ" ಅಂದಳು. ಉಟ್ಟದ್ದು ಹಸಿರು ಸೀರೆಯೇ.

ಹೂವನ್ನು ನೋಡುತ್ತ ಬಹಳ ಹೊತ್ತು ನಿಂತಳು. ಆಮೇಲೆ ತಿರುಗಿ ಹೋಗಿ, ಬಚ್ಚಲ ಕಲ್ಲಿಗೆ ಹಿಮ್ಮಡಿ ತಾಗಿಸಿ ನಿಂತಳು. ಒಂದು, ಎರಡು ಎಂದು ಗಟ್ಟಿಯಾಗಿಯೇ ಎಣಿಸಿದಳು. ಐದಕ್ಕೆ ನಿಂತು, ಮುಂದೆ ಎರಡು ಮೊಳ ತುಂಬಿದ್ದ ಹೂ ನೋಡಿದಳು. ಅದರಾಚೆ ನೆಟ್ಟಿದ್ದ ಹತ್ತಿಕಡ್ಡಿಯನ್ನೂ ನೋಡಿದಳು. ಆರು, ಏಳು. ಹೂವಿನ ನಡುವೆ ಸೀರೆಯ ಅಂಚು ಎತ್ತಿ ಹಿಡಿದು ನಿಂತು ನನ್ನ ಕಡೆ ತಿರುಗಿದಳು.

"ನನ್ ಎಣ್ಕೆ ತಪ್ಪಿರ್ನಿಲ್ಲ ಕಣವ್ವ."

"ಇಲ್ಲ ಅಜ್ಜಿ" ಅಂದೆ. "ಕಡ್ಡಿ ಕಿತ್ತು ಆಚೆ ನೆಟ್ಟವಳು ನಾನು. ನಿಮಗೆ ಸುಳ್ಳು ಹೇಳಿದೆ. ಮುಳ್ಳು ಇಟ್ಟಿದ್ದೂ ನಾನೇ."

ಅಜ್ಜಿ ತನ್ನ ಬೆರಳನ್ನು ಕನ್ನಡಕದ ಹತ್ತಿರ ತಂದು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಎಣ್ಕೇನೂ ವೋಯ್ತಲ್ಲ ಅಂತ ಎಷ್ಟ್ ಎದ್ರಿದ್ದೆ ಗೊತ್ತಾ" ಎಂದಷ್ಟೇ ಹೇಳಿದಳು. ಆಮೇಲೆ ಬಾಗಿ, ಕಾಲ ಬಳಿಯ ಗಿಡದಿಂದ ಗುಲಾಬಿ ಬಣ್ಣದ ಒಂದು ಗೊಂಚಲನ್ನು ಉಗುರಿನಿಂದ ಚಿವುಟಿ ನನ್ನ ಅಂಗೈಗೆ ಹಾಕಿದಳು.

"ತಕೊ, ಮುಡ್ಕೊ. ಬಸ್ಸಾರಿಗಂತೂ ಆಗಾಕಿಲ್ಲ, ಬಲೇ ಸಪ್ಪೆ."